ದೋಣಿಯಲ್ಲಿ ನೀರಿನ ಕೊಡ

ಮೀನಖಂಡ ಕಲ್ಲಾಗುವುದು ಹೇಗೆ ಅಂತ ಕೈಯಲ್ಲಿ ಮುಟ್ಟಿ ನೋಡಿದವರಿಗೆ ಮಾತ್ರ ಗೊತ್ತು. ನನ್ನ ತಂಗಿಯದ್ದನ್ನು ನಾನು ಮುಟ್ಟಿದ್ದೇನೆ. ಮೊಣಕಾಲಿನ ಕೆಳಗೆ, ಹಿಂಬದಿಯ ಮಾಂಸವೆಲ್ಲ ಒಂದು ಕಡೆ ಸೇರಿ ತೆಂಗಿನ ಗರಟೆಯ ಹಾಗೆ ಗಟ್ಟಿಯಾಗುತ್ತದೆ. ಪಾದ ತಾನಾಗಿ ಕೆಳಮುಖವಾಗುತ್ತದೆ, ಬೆರಳು ಒಂದರ ಮೇಲೊಂದು ಏರುತ್ತವೆ. ಹಿಡಿಸಿಕೊಂಡವಳಿಗೆ ಕೂಗಲಿಕ್ಕೂ ಉಸಿರು ಸಾಲುವುದಿಲ್ಲ. ಬಿಟ್ಟ ಮೇಲೂ ಮಾರನೇ ದಿನವಿಡೀ ಒಳಗೆ ಒದೆ ಬಿದ್ದ ಹಾಗೆ ನೋವು. ಇದನ್ನು ನಾವು ರೋಗ ಅಂತ ಹಿಡಿದಿರಲಿಲ್ಲ. ಹೊಳೆಗೆ ಇಳಿಯುವ ಹೆಂಗಸರಿಗೆಲ್ಲ ರಾತ್ರಿ ಕಾಲು ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಮಾಡು ಸೋರುವ ಹಾಗೆ ಇದೂ ಒಂದು ಅಂತ ಬಿಟ್ಟಿದ್ದೆವು.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ಕಷ್ಟ. ಇದನ್ನು ತಂಗಿಯ ಮಗಳು ಬರೆದುಕೊಟ್ಟಳು. ನಡುವೆ ಅವಳು ಚಂದದ ಮಾತು ಸೇರಿಸಿದ ಕಡೆ ಹೊಡೆದು ಹಾಕಿಸಿದ್ದೇನೆ.

ರೈಲು ಓಡಲು ಶುರುವಾದ ಹೊಸತು. ಮಿರ್ಜಾನಿನ ಹೊಳೆಯಲ್ಲಿ ನಮ್ಮದೊಂದು ದೋಣಿ ಇತ್ತು. ಗಂಡ ಸತ್ತ ಮೇಲೆ ಬಿದಿರಿನ ಗಳ ಊರಿ ಅದನ್ನು ನಡೆಸುವವಳು ನಾನೇ. ಹೊಳೆಯ ಕೆಸರಿನಲ್ಲಿ ಬೆಳಚು ಎಂಬ ಚಿಪ್ಪಿನ ಜೀವ ಸಿಗುತ್ತದೆ. ಒಳಗಿನ ಮಾಂಸ ತಿನ್ನಲಿಕ್ಕೆ, ಚಿಪ್ಪು ಸುಣ್ಣಕ್ಕೆ. ನೀರು ಇಳಿಯುವ ಹೊತ್ತಿಗೆ ಆರೇಳು ಹೆಂಗಸರನ್ನು ಕೂರಿಸಿಕೊಂಡು ಹೊಳೆಯ ನಡುವಿನ ದಿಬ್ಬಕ್ಕೆ ಹೋಗುವುದು, ಉಬ್ಬರ ಬರುವವರೆಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಆರಿಸುವುದು. ಕೈಗಿಂತ ಕಾಲಿನ ಕೆಲಸ ಹೆಚ್ಚು. ತುದಿಗಾಲಲ್ಲಿ ನಿಂತು ಹೆಬ್ಬೆರಳಿನಿಂದ ಕೆಸರು ಕೆದಕಬೇಕು. ಗಟ್ಟಿ ತಾಗಿದರೆ ಬೆರಳಿನಿಂದ ಎತ್ತಿ, ಬಗ್ಗಿ, ಕೈಗೆ ತೆಗೆದುಕೊಂಡು ಸೊಂಟಕ್ಕೆ ಕಟ್ಟಿದ ಬುಟ್ಟಿಗೆ ಹಾಕಬೇಕು. ಇಳಿತ ಮುಗಿಯುವವರೆಗೆ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ ಎಂದರೂ ಸರಿ.

ಇನ್ನೊಂದು ಕಟ್ಟಳೆ ಇತ್ತು. ಹೊಳೆಗೆ ಇಳಿದ ಹೆಂಗಸು ಹೊಳೆಯಲ್ಲಿ ಉಚ್ಚೆ ಹೊಯ್ಯಬಾರದು. ಹೊಯ್ದರೆ ಬೆಳಚು ಕೆಸರಿನ ತಳಕ್ಕೆ ಇಳಿದು ಹೋಗುತ್ತವೆ, ಮತ್ತೆ ಕಾಲಿಗೆ ಸಿಗುವುದಿಲ್ಲ. ನನಗೆ ಇದನ್ನು ಹೇಳಿದ್ದು ನನ್ನ ಗಂಡನ ಸಣ್ಣತ್ತೆ, ಅವಳಿಗೆ ಹೇಳಿದ್ದು ಅವಳ ಅತ್ತೆ. ಗಂಡಸರಿಗೆ ಈ ಕಟ್ಟಳೆ ಇಲ್ಲ. ಅವರು ದೋಣಿಯ ಅಂಚಿನಲ್ಲಿ ನಿಂತೇ ಹೊಯ್ಯುತ್ತಾರೆ. ಅದಕ್ಕೆ ಬೆಳಚು ಹೆದರುವುದಿಲ್ಲವಂತೆ. ಸುತ್ತ ಬಯಲು ನೀರು, ಎಲ್ಲ ಕಡೆ ದೋಣಿ, ದಡ ದೂರ. ಹಾಗಾಗಿ ನಾವು ಎದ್ದ ಗಳಿಗೆಯಿಂದ ತಿರುಗಿ ಮನೆ ಮುಟ್ಟುವವರೆಗೆ ನೀರು ಕುಡಿಯುತ್ತಿರಲಿಲ್ಲ. ಬೆಳಗಿನ ಗಂಜಿಯ ತಿಳಿ ಬಸಿದು ದನಕ್ಕೆ ಹಾಕಿ ಅಗಳು ಮಾತ್ರ ಉಣ್ಣುತ್ತಿದ್ದೆವು. ಮೇಲೆ ಬಿಸಿಲು, ಕೆಳಗೆ ಥಂಡಿ ಉಪ್ಪುನೀರು. ಮನೆಗೆ ಬಂದಾಗ ತುಟಿ ಒಡೆದಿರುತ್ತಿತ್ತು. ಆಗಲೂ ಒಂದು ಚೊಂಬು ಕುಡಿದರೆ ಹೆಚ್ಚು. ಕುಡಿಯುವ ಅಭ್ಯಾಸವೇ ತಪ್ಪಿ ಹೋಗಿತ್ತು.

ತಂಗಿಯ ಗಂಡ ಟ್ರಾಲರಿಗೆ ಅಂತ ಗೋವೆಗೆ ಹೋದವನು ಬರಲಿಲ್ಲ. ಸತ್ತನೋ ಬಿಟ್ಟನೋ ತಿಳಿಯಲಿಲ್ಲ. ಎರಡು ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು ಹೊಳನಗದ್ದೆಯಿಂದ ನನ್ನ ಮನೆಗೆ ಬಂದಳು, ನನ್ನ ದೋಣಿ ಹತ್ತಿದಳು. ಗದ್ದೆ ಕೆಲಸ ಮಾಡಿದವಳು, ಹೊಳೆ ಹೊಸತು. ಒಂದೇ ವರ್ಷದಲ್ಲಿ ಅವಳಿಗೆ ಕಾಲು ಹಿಡಿಯಲು ಶುರುವಾಯಿತು. ನಮಗೆಲ್ಲ ಆಗೊಮ್ಮೆ ಈಗೊಮ್ಮೆ, ಅವಳಿಗೆ ದಿನಾ ರಾತ್ರಿ, ಒಂದು ಬಿಟ್ಟರೆ ಇನ್ನೊಂದು ಕಾಲು.

ನಾನು ಇದನ್ನು ಸುಮ್ಮನೆ ಬಿಡದೆ ಇದ್ದುದಕ್ಕೆ ಕಾರಣ ಉಂಟು. ಅದರ ಹಿಂದಿನ ವರ್ಷ ನನ್ನ ದೋಣಿಯವಳೇ ಒಬ್ಬಳು ಹೊಳೆಯಲ್ಲಿ ಹೋಗಿದ್ದಳು. ನೆರೆಮನೆಯವಳು, ಈಜು ಬರುತ್ತಿತ್ತು. ಉಬ್ಬರ ಏರುವಾಗ ದಿಬ್ಬದ ಅಂಚಿನಲ್ಲಿ ನಿಂತಿದ್ದವಳು ಕಾಲು, ಕಾಲು ಎಂದಳು. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಚುಚ್ಚಿತು ಅಂದುಕೊಂಡು ನಾನು ಗಳ ಎತ್ತುವಷ್ಟರಲ್ಲಿ ಸೆಳವು ಎಳೆದುಕೊಂಡು ಹೋಯಿತು. ಹೆಣ ರೈಲು ಹೊಳೆ ದಾಟುವ ಸಂಕದ ಹತ್ತಿರ ಸಿಕ್ಕಿತು. ಮೀಯಿಸುವಾಗ ನಾನೇ ಅವಳ ಕಾಲು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿಯೂ ಚುಚ್ಚಿದ ಗಾಯ ಇರಲಿಲ್ಲ. ಅವಳಿಗೂ ರಾತ್ರಿ ಕಾಲು ಹಿಡಿಯುತ್ತಿತ್ತು. ರಾತ್ರಿ ಹಿಡಿಯುವುದು ಹಗಲು ನೀರಿನಲ್ಲಿ ಹಿಡಿದರೆ ಎಂತ ಆಗುತ್ತದೆ ಎಂದು ನನಗೆ ಆಗ ತಿಳಿಯಿತು. ತಂಗಿ ನರಳುವುದು ಕೇಳಿದಾಗೆಲ್ಲ ಆ ಗಾಯ ಇಲ್ಲದ ಕಾಲು ಕಣ್ಣಿಗೆ ಬರುತ್ತಿತ್ತು.

ಮದ್ದು ಮಾಡದೆ ಬಿಡಲಿಲ್ಲ. ಕೊಬ್ಬರಿ ಎಣ್ಣೆ ಕಾಯಿಸಿ ತಿಕ್ಕಿದೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಹಿಡಿದದ್ದು ಬೇಗ ಬಿಡುತ್ತಿತ್ತು, ಆದರೆ ಹಿಡಿಯುವುದು ನಿಲ್ಲಲಿಲ್ಲ. ಹಾಸಿಗೆಯ ಅಡಿಗೆ ಕತ್ತಿ ಇಟ್ಟೆವು. ದೇವಿಯ ಪೂಜೆ ಮಾಡುವ ಗುನಗ ದಾರ ಮಂತ್ರಿಸಿ ಕೊಟ್ಟ, ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದೆವು. ಅದರಿಂದ ಕಾಲು ಊದಿತು. ಪೇಟೆಯಿಂದ ಟಾನಿಕ್ಕಿನ ಬಾಟಲಿ ತಂದೆ, ಸಣ್ಣ ಹುಡುಗಿ ಸಿಹಿ ಅಂತ ಕದ್ದು ಕುಡಿದು ಖಾಲಿ ಮಾಡಿದಳು. ತಂಗಿ ಮಲಗಲಿಕ್ಕೇ ಹೆದರುತ್ತಿದ್ದಳು. ನಿದ್ದೆ ಇಲ್ಲದೆ ಬಂದವಳು ದೋಣಿಯಲ್ಲಿ ಕೂತಲ್ಲೇ ತೂಗುತ್ತಿದ್ದಳು. ಅಂಥವಳನ್ನು ನೀರಿಗೆ ಇಳಿಸುವವಳು ನಾನು.

ಕಡೆಗೆ ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇದ್ದದ್ದು ಒಬ್ಬ ಡಾಕ್ಟರಮ್ಮ. ಕಾಲು ಒತ್ತಿ ನೋಡಿದಳು, ಒಂದು ಕಾಲು ಮಾತ್ರ ಊದುತ್ತದಾ, ಕೆಂಪಾಗುತ್ತದಾ ಎಂದಳು. ಬಸುರಿಯಾ ಎಂದಳು. ಬೇರೆ ಕಾಯಿಲೆಗೆ ಮಾತ್ರೆ ತಿನ್ನುತ್ತಾಳಾ ಎಂದಳು. ಎಲ್ಲಕ್ಕೂ ಇಲ್ಲ. ಊತ ದಾರ ಕಟ್ಟಿದ್ದಕ್ಕೆ ಅಂದೆ. ಅದನ್ನು ಅವಳೇ ಕತ್ತರಿಯಲ್ಲಿ ಕತ್ತರಿಸಿದಳು. ಆಮೇಲೆ ಕೆಲಸದ ಸಮಯದಲ್ಲಿ ನೀರು ಎಷ್ಟು ಕುಡಿಯುತ್ತಾಳೆ ಎಂದು ಕೇಳಿದಳು. ತಂಗಿ ನನ್ನ ಮುಖ ನೋಡಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಪೆನ್ನು ಕೆಳಗಿಟ್ಟಳು.

ಅವಳು ಹೇಳಿದ್ದು ನನಗೆ ನೆನಪಿದೆ. ರಾತ್ರಿ ಕಾಲು ಹಿಡಿಯುವುದಕ್ಕೆ ಇದೇ ಕಾರಣ ಅಂತ ಎಲ್ಲರಿಗೂ ಹೇಳಲಿಕ್ಕೆ ಬರುವುದಿಲ್ಲ, ಎಷ್ಟೋ ಜನಕ್ಕೆ ಕಾರಣವೇ ಸಿಗುವುದಿಲ್ಲ. ಆದರೆ ಇವಳು ದಿನವಿಡೀ ತುದಿಗಾಲಲ್ಲಿ ನಿಂತು ಮೀನಖಂಡ ಬಿಗಿ ಹಿಡಿದಿರುತ್ತಾಳೆ, ಮೇಲಿಂದ ಮೈಯ ನೀರು ಬಿಸಿಲಿಗೆ ಹೋಗುತ್ತದೆ, ಒಳಗೆ ಹೋಗುವುದು ಏನೂ ಇಲ್ಲ. ಎರಡೂ ಸೇರಿದರೆ ಕಾಲು ಹಿಡಿಯದೆ ಇನ್ನೇನು ಮಾಡುತ್ತದೆ. ಕುಡಿಯಬೇಕು, ಗಂಜಿಯ ತಿಳಿ ಚೆಲ್ಲಬಾರದು, ಅದಕ್ಕೆ ಉಪ್ಪು ಹಾಕಿ ಕುಡಿಯಬೇಕು. ಹೊದಿಕೆ ಪಾದದ ಮೇಲೆ ಬಿಗಿಯಾಗಿ ಹೊದೆಯಬಾರದು. ಹಿಡಿದಾಗ ತಿಕ್ಕುತ್ತಾ ಕೂರುವ ಮೊದಲು ಮೊಣಕಾಲು ನೆಟ್ಟಗೆ ಮಾಡಿ ಕಾಲಿನ ಬೆರಳನ್ನು ತನ್ನ ಕಡೆಗೆ ಎಳೆದು ಹಿಡಿಯಬೇಕು.

ಆಮೇಲೆ ಎದ್ದು ಬಂದು ಗೋಡೆಗೆ ಎರಡು ಅಂಗೈ ಕೊಟ್ಟು ನಿಂತಳು. ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಒತ್ತಿ, ಮಂಡಿ ಬಗ್ಗಿಸದೆ, ಮೈಯನ್ನು ಗೋಡೆಯ ಕಡೆ ವಾಲಿಸಿದಳು. ಮೀನಖಂಡ ಎಳೆದ ಹಾಗೆ ಆಗಬೇಕು, ನೋಯಬಾರದು. ದಿನಾ ಮಲಗುವ ಮೊದಲು ಮಾಡಬೇಕು. ಸೀರೆ ಉಟ್ಟ ಡಾಕ್ಟರಮ್ಮ ಗೋಡೆ ದೂಡುವುದು ನೋಡಿ ಬಾಗಿಲಲ್ಲಿದ್ದವರು ನಕ್ಕರು. ಹೊರಡುವಾಗ ತಂಗಿ ಒಂದೇ ಮಾತು ಕೇಳಿದಳು, ಹೊಳೆಗೆ ಹೋಗಬಹುದಾ ಅಂತ.

"ನೀರು ಕುಡಿಯದೆ ಹೋಗಬೇಡಿ" ಎಂದಳು ಡಾಕ್ಟರಮ್ಮ. "ನೀರಿನಲ್ಲಿ ಕಾಲು ಹಿಡಿದರೆ ನಿಲ್ಲಲಿಕ್ಕೆ ನೋಡಬೇಡಿ, ಬಗ್ಗಲೂ ಬೇಡಿ. ಅಂಗಾತ ಬಿದ್ದು ಕೂಗಿ."

ಗೋಡೆಯ ಕೆಲಸ ಸುಲಭ. ಅಂದೇ ಸಂಜೆ ಮನೆಯ ಹೊರಗೋಡೆಗೆ ಅಕ್ಕ ತಂಗಿ ಇಬ್ಬರೂ ಕೈ ಕೊಟ್ಟು ನಿಂತೆವು. ಮಕ್ಕಳು ನೋಡಿ ತಾವೂ ನಿಂತವು. ಕಷ್ಟ ಇದ್ದದ್ದು ನೀರಿನದ್ದು. ಕುಡಿದರೆ ಹೊಯ್ಯಬೇಕು, ಹೊಯ್ಯುವುದು ಎಲ್ಲಿ? ನಾನು ಯೋಚನೆ ಮಾಡಿ ಒಂದು ಜಾಗ ಹಿಡಿದೆ. ಉಪ್ಪುನೀರಿನ ಗಜನಿ ಗದ್ದೆಗಳನ್ನು ಕಡಿದು ಶೆಟ್ಲಿ, ಅಂದರೆ ಸಿಗಡಿ, ಸಾಕುವ ಕೆರೆ ಮಾಡಿದ್ದರು, ಶೆಟ್ಲಿಗೆ ರೋಗ ಬಂದು ಹಾಳು ಬಿಟ್ಟಿದ್ದರು. ಆ ಕೆರೆಯ ಒಡೆದ ಒಡ್ಡು ನಮ್ಮ ದಿಬ್ಬದಿಂದ ಬಹಳ ದೂರ ಇರಲಿಲ್ಲ. ಅದರ ಮೇಲೆ ಉಪ್ಪುನೀರಿನ ಕಾಂಡ್ಲ ಗಿಡ ಆಳು ಮರೆಯಾಗುವಷ್ಟು ದಟ್ಟವಾಗಿ ಬೆಳೆದಿತ್ತು. ಇಳಿತದ ನಡುವೆ ಒಮ್ಮೆ ದೋಣಿಯನ್ನು ಅಲ್ಲಿಗೆ ಹಚ್ಚುವುದು. ಆರಿಸುವ ಹೊತ್ತು ಸ್ವಲ್ಪ ಹಾಳಾಗುತ್ತದೆ, ಆಗಲಿ. ದೋಣಿ ನನ್ನದು, ಗಳ ನನ್ನ ಕೈಯಲ್ಲಿದೆ ಅಂತ ನಿಶ್ಚಯ ಮಾಡಿದೆ.

ಮಾರನೇ ಇಳಿತಕ್ಕೆ ಬಾವಿಯ ನೀರು ತುಂಬಿದ ಕೊಡ ತಂದು ದೋಣಿಯ ನಡುವೆ ಇಟ್ಟೆ. ಹೆಂಗಸರು ಹತ್ತಲಿಲ್ಲ. ಸಣ್ಣತ್ತೆ ಎಲ್ಲರಿಗಿಂತ ಹಿರಿಯಳು, ಅವಳು ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ದಡದಲ್ಲೇ ನಿಂತಳು.

"ಇದೆಂತದೇ? ಕೊಡ ಹಿಡ್ಕಂಡು ಮದುವೆಗೆ ಹೊರಟಿದ್ಯಾ?"

"ಕುಡೂಕೆ ನೀರು."

"ಕುಡ್ದು?"

"ಒಡ್ಡಿನ ಕಾಂಡ್ಲದ ಹತ್ರ ದೋಣಿ ಹಚ್ತೆ. ಒಬ್ಬೊಬ್ಬರೇ ಹೋಗಿ ಬನ್ನಿ."

"ಹೊಳೆ ಇಳಿತ ನಿನ್ನ ಉಚ್ಚೆಗೆ ಕಾಯ್ತದೆಯಾ?" ಎಂದಳು ಸಣ್ಣತ್ತೆ. ಉಳಿದವರು ನಕ್ಕರು. ಅವಳು ನಗಲಿಲ್ಲ. "ಒಡ್ಡಿನ ಮೇಲೆ ಹೊಯ್ದದ್ದು ಹರಿದು ಎಲ್ಲಿಗೆ ಬರೂದು? ಹೊಳೆಗೇ ಅಲ್ವಾ? ನಿನ್ನ ತಂಗಿ ಕಾಲಿಗೆ ನಮ್ಮ ಹೊಟ್ಟೆ ಮೇಲೆ ಹೊಡೀಬೇಡ."

ಗಂಡಸರು ದೋಣಿಯಿಂದ ಹೊಯ್ದದ್ದು ಹರಿದು ಕಾಶಿಗೆ ಹೋಗುತ್ತದಾ ಅಂತ ನಾನು ಕೇಳಿದೆ. ಇಳಿತ ಕಾಯುವುದಿಲ್ಲ ಎಂಬುದು ನಿಜ, ಆದ್ದರಿಂದ ಎಲ್ಲರೂ ಹತ್ತಿದರು. ಆದರೆ ಕೊಡ ಮುಟ್ಟಿದ್ದು ನಾನು ಮತ್ತು ತಂಗಿ ಇಬ್ಬರೇ. ಒಡ್ಡಿಗೆ ದೋಣಿ ಹಚ್ಚಿದಾಗ ಉಳಿದವರು ಹೊತ್ತು ಹೋಯಿತು ಅಂತ ಗೊಣಗುತ್ತಾ ಕೂತರು. ತಂಗಿ ಮೊದಲ ದಿನ ನೀರು ಬಾಯಿಗೆ ಹಾಕಿಕೊಂಡು ನುಂಗಲಾರದೆ ಕೂತಿದ್ದು ನಾನು ನೋಡಿದೆ. ನುಂಗು ಎಂದೆ. ನುಂಗಿದಳು.

ಒಂದೆರಡು ವಾರಕ್ಕೆ ಫರಕು ಕಂಡಿತು. ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ದಿನಾ ಹಿಡಿಯುವುದು ಹೋಗಿ ಯಾವಾಗಲೋ ಒಮ್ಮೆ ಹಿಡಿಯುತ್ತಿತ್ತು. ಹಿಡಿದಾಗ ನಾನು ಓಡಿ ಹೋಗಿ ಅವಳ ಬೆರಳು ಎಳೆದು ಹಿಡಿದರೆ ಎರಡು ಉಸಿರಿನಲ್ಲಿ ಬಿಡುತ್ತಿತ್ತು. ಅವಳ ಮುಖಕ್ಕೆ ನಿದ್ದೆಯ ಕಳೆ ಬಂತು. ದೋಣಿಯಲ್ಲಿ ಕೂತು ತೂಗುವುದು ನಿಂತಿತು. ಒಂದು ಸಲ ಬುಟ್ಟಿ ತುಂಬಾ ತಂದು ಸಣ್ಣತ್ತೆಯ ಎದುರೇ ಸುರುವಿದಳು. ಬೆಳಚು ಇಳಿದು ಹೋದವಾ ಅಂತ ಕೇಳಿದ ಹಾಗಿತ್ತು. ಆ ಕೆಲಸ ಅವಳು ಮಾಡಬಾರದಿತ್ತು.

ಯಾಕೆಂದರೆ ಆ ವರ್ಷದ ಕಡೆಗೆ ಬೆಳಚು ನಿಜವಾಗಿಯೂ ಇಲ್ಲವೆಂಬಷ್ಟು ಕಡಿಮೆಯಾದವು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಳೆ ಜೋರಾಗಿ ಸಿಹಿನೀರು ಬಹಳ ದಿನ ನಿಂತಿತ್ತು ಎಂದರು ಕೆಲವರು, ಹೂಳು ತುಂಬಿತು ಎಂದರು ಇನ್ನು ಕೆಲವರು. ಕೆದಕಿದ ಕಡೆಯೆಲ್ಲ ಸತ್ತ ಚಿಪ್ಪು. ನಮ್ಮ ದೋಣಿಗೆ ಮಾತ್ರ ಅಲ್ಲ, ಎಲ್ಲ ದೋಣಿಗೂ ಹಾಗೇ. ಆದರೆ ಕೊಡ ಇದ್ದದ್ದು ನಮ್ಮ ದೋಣಿಯಲ್ಲಿ ಮಾತ್ರ. ಅಷ್ಟು ಸಾಕಾಯಿತು.

ದೇವಿಯ ಗುಡಿಯ ಎದುರು ಎಲ್ಲ ದೋಣಿಯವರೂ ಕೂಡಿದರು. ತಪ್ಪುಕಾಣಿಕೆ ಅಂತ ಕಾಯಿ ಇಟ್ಟು, ಇನ್ನು ಕೊಡ ದೋಣಿಗೆ ಹತ್ತಿಸುವುದಿಲ್ಲ ಎಂದು ಹೇಳು ಅಂದರು. ನಾನು ಕಾಯಿ ಇಟ್ಟೆ. ಮಾತು ಕೊಡಲಿಲ್ಲ. ಹೋದ ವರ್ಷ ಒಬ್ಬಳು ಹೋದಳಲ್ಲ, ಅವಳು ಒಂದು ಹನಿ ಕುಡಿದಿರಲಿಲ್ಲ, ದೇವಿ ಅವಳನ್ನು ಯಾಕೆ ಉಳಿಸಲಿಲ್ಲ ಎಂದು ಕೇಳಿದೆ. ಸತ್ತವಳ ಅತ್ತೆ ಅಲ್ಲೇ ಇದ್ದಳು, ಅಳಲು ಶುರು ಮಾಡಿದಳು. ಮಾತು ಅಲ್ಲಿಗೆ ಮುಗಿಯಿತು. ಮಾರನೇ ದಿನದಿಂದ ನನ್ನ ದೋಣಿಗೆ ಯಾರೂ ಬರಲಿಲ್ಲ.

ತಂಗಿ ಬರುತ್ತಾಳೆ ಅಂತ ನಾನು ಗಳ ಹಿಡಿದು ಕಾಯುತ್ತಿದ್ದೆ. ಅವಳು ಬುಟ್ಟಿ ಹಿಡಿದು ನನ್ನ ಎದುರೇ ಹಾದು ಸಣ್ಣತ್ತೆ ಹೋಗುವ ಬೇರೆ ದೋಣಿಯ ಕಡೆ ನಡೆದಳು. ಎಲ್ಲಿಗೆ ಎಂದೆ.

"ಅಕ್ಕ, ನಿಂಗೆ ಮಕ್ಕಳಿಲ್ಲ" ಎಂದಳು. "ನಂಗೆ ಎರಡು ಹೆಣ್ಣು. ನಾಳೆ ಇದೇ ಊರಲ್ಲಿ ಮದುವೆ ಆಗ್ಬೇಕು. ಬೆಳಚು ಓಡ್ಸಿದವಳ ಮಕ್ಕಳು ಅಂದ್ರೆ ಯಾರು ಮಾಡ್ಕಂತಾರೆ?"

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟೇ ಆಗಿದ್ದರೆ ಅವಳು ಬೆಳಿಗ್ಗೆ ಮನೆಯಲ್ಲಾದರೂ ಎರಡು ಗುಟುಕು ಕುಡಿಯುತ್ತಿದ್ದಳು. ಕುಡಿಯಲಿಲ್ಲ. ಗಂಜಿಯ ತಿಳಿ ಮತ್ತೆ ದನಕ್ಕೆ ಹೋಯಿತು. ಒತ್ತಾಯ ಮಾಡಿದರೆ, ಯಾರಿಗೆ ಗೊತ್ತು ಅಕ್ಕ, ನಿಜವೇ ಇದ್ದರೆ ಎನ್ನುತ್ತಿದ್ದಳು. ತಾನು ಕುಡಿದ ನೀರಿನಿಂದಲೇ ಬೆಳಚು ಹೋದವು ಅಂತ ಅವಳು ನಂಬಿಬಿಟ್ಟಿದ್ದಳು. ಸಂಜೆ ಗೋಡೆಗೆ ಕೈ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಅಡ್ಡಿ ಹೇಳುವ ಕಟ್ಟಳೆ ಇರಲಿಲ್ಲ. ರಾತ್ರಿ ಮತ್ತೆ ಮೊದಲಿನ ಹಾಗೇ ಆಯಿತು.

ನಾನು ಒಬ್ಬಳೇ ದೋಣಿ ಹಾಕಿಕೊಂಡು ಅವರ ದೋಣಿಯ ಹತ್ತಿರವೇ ಆರಿಸುತ್ತಿದ್ದೆ. ಸಿಗದಿದ್ದರೂ ಅಲ್ಲೇ. ಸಣ್ಣತ್ತೆ ಅದಕ್ಕೂ ನಾಯಿ ಹಿಂದೆ ಬಂದ ಹಾಗೆ ಬರುತ್ತಾಳೆ ಎಂದಳು. ಬೇಸಿಗೆಯ ಒಂದು ದಿನ ಉಬ್ಬರ ಏರುತ್ತಿತ್ತು, ಅವರು ದೋಣಿಯ ಕಡೆಗೆ ನಡೆಯುತ್ತಿದ್ದರು, ತಂಗಿ ಹಿಂದೆ ಉಳಿದಿದ್ದಳು. ಕಾಲು ಎಂಬ ಒಂದು ಕೂಗು ಬಂತು. ತಿರುಗಿದರೆ ಅವಳು ನಿಂತಿಲ್ಲ. ಡಾಕ್ಟರಮ್ಮ ಹೇಳಿದ್ದರಲ್ಲಿ ಬೆರಳು ಎಳೆಯುವುದು ನೆನಪಾಗಿದೆ, ಬಗ್ಗಬೇಡ ಎಂದದ್ದು ನೆನಪಾಗಿಲ್ಲ. ಬಗ್ಗಿ ಬೆರಳು ಹಿಡಿಯಲಿಕ್ಕೆ ಹೋಗಿ ಮುಳುಗಿದ್ದಾಳೆ. ಸೊಂಟಕ್ಕೆ ಕಟ್ಟಿದ ಬುಟ್ಟಿ ಮಾತ್ರ ಮೇಲೆ ತೇಲಿತು. ನಾನು ಗಳ ಊರಿ ದೋಣಿ ದೂಡಿದೆ. ಈ ಸಲ ತೊರಕೆಯೋ ಮತ್ತೊಂದೋ ಅಂತ ಯೋಚನೆ ಮಾಡುವುದು ಇರಲಿಲ್ಲ. ಬುಟ್ಟಿಯ ಹಗ್ಗ ಕೈಗೆ ಸಿಕ್ಕಿತು, ಆಮೇಲೆ ಕೂದಲು ಸಿಕ್ಕಿತು. ದೋಣಿಗೆ ಎಳೆದುಕೊಂಡಾಗ ಬಾಯಿಯಿಂದ ಹೊಳೆ ನೀರು ಬಂತು. ಕಾಲು ಇನ್ನೂ ಹಿಡಿದೇ ಇತ್ತು. ಹಿಮ್ಮಡಿ ನನ್ನ ಹೊಟ್ಟೆಗೆ ಒತ್ತಿಕೊಂಡು ಬೆರಳು ಹಿಂದಕ್ಕೆ ಎಳೆದು ಬಿಡಿಸಿದೆ. ಕೊಡದ ನೀರು ಕೊಟ್ಟೆ. ತಲೆ ತಿರುಗಿಸಿದಳು.

ಹೊಳೆ ಒಮ್ಮೆ ಬಿಟ್ಟಿದೆ, ಎರಡನೇ ಸಲ ಬಿಡುವುದಿಲ್ಲ ಎಂದ ಗುನಗ. ಯಾವ ದೋಣಿಯೂ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ನನ್ನದಕ್ಕೆ ಅವಳೇ ಹತ್ತಲಿಲ್ಲ. ಮಳೆ ಶುರುವಾಗುವ ಮೊದಲು ಹೊನ್ನಾವರದ ಕಡೆಯ ಒಬ್ಬ ಹೆಂಗಸು ಭಟ್ಕಳದಲ್ಲಿ ಶೆಟ್ಲಿ ಸುಲಿಯುವ ಶೆಡ್ಡಿಗೆ ಹೆಂಗಸರು ಬೇಕು ಅಂತ ಬಂದಳು. ನೀರಿಗೆ ಇಳಿಯುವುದು ಇಲ್ಲ, ಮಾಡಿನ ಅಡಿಯ ಕೆಲಸ. ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋದಳು. ಹೋಗಲಿ, ಜೀವ ಉಳಿಯಿತಲ್ಲ ಅಂದುಕೊಂಡೆ.

ಚೌತಿ ಕಳೆದ ಮೇಲೆ ಅವಳನ್ನು ನೋಡಲಿಕ್ಕೆ ಹೋದೆ. ಭಟ್ಕಳದ ಹೊರಗೆ ಜಾಲಿ ಎಂಬ ಊರಿನ ಕಡೆಯ ಶೆಡ್ಡು. ಬಸ್ಸು ಇಳಿದು ವಾಸನೆ ಹಿಡಿದುಕೊಂಡೇ ನಡೆದರೆ ಸಿಗುತ್ತದೆ. ಒಳಗೆ ಉದ್ದದ ಮೇಜು, ಎರಡೂ ಕಡೆ ಹೆಂಗಸರು ನಿಂತಿದ್ದರು. ಮಂಜುಗಡ್ಡೆಯ ನೀರು ಮೇಜಿನಿಂದ ಸುರಿದು ನೆಲದ ಮೇಲೆ ನಿಂತಿತ್ತು, ಅದರಲ್ಲೇ ಇವರ ಕಾಲು. ಬೆಳಿಗ್ಗೆ ನಿಂತರೆ ಲಾರಿ ತುಂಬುವವರೆಗೆ ಕೂರುವ ಹಾಗಿಲ್ಲ. ತಂಗಿಯ ಬೆರಳು ಬೆಂದ ಹಾಗೆ ಬಿಳಿಯಾಗಿ ಸುಕ್ಕು ಬಿದ್ದಿತ್ತು. ತುಟಿ ಒಡೆದಿತ್ತು. ಆ ತುಟಿ ನೋಡಿದ ಕೂಡಲೇ ನನಗೆ ತಿಳಿಯಿತು.

ಕೆಲಸ ಬಿಟ್ಟ ಮೇಲೆ ಕೇಳಿದೆ. ಪಾಯಿಖಾನೆ ಒಂದೇ ಉಂಟು, ಚಾವಿ ಸುಪರ್‌ವೈಸರನ ಕಿಸೆಯಲ್ಲಿ. ಮಂಜುಗಡ್ಡೆ ಹೊರುವ ಗಂಡಸರ ಎದುರು ಹೋಗಿ ಕೇಳಬೇಕು. ಎರಡನೇ ಸಲ ಕೇಳಿದರೆ ಅವನು ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳುತ್ತಾನೆ. ಆ ಮಾತು ಎಂತದ್ದು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ಯಾರೂ ನೀರು ಕುಡಿಯುವುದಿಲ್ಲ.

ತಂಗಿ ಕೇಳಿದಳು, "ಅಲ್ಲಿ ಕುಡಿದ್ರೆ ಬೆಳಚು ಕೆಳಗಿಳೀತದೆ ಅಂದ್ರು. ಇಲ್ಲಿ ಎಂತ ಕೆಳಗಿಳೀತದೆ ಅಕ್ಕ?"

ವಾಪಸು ಬಾ ಎಂದೆ. ಬಂದು ಎಂತ ಮಾಡೂದು ಎಂದಳು.

ಕಡೆಯ ಬಸ್ಸು ತಪ್ಪಿ ಆ ರಾತ್ರಿ ಅವರ ಕೋಣೆಯಲ್ಲೇ ಉಳಿದೆ. ಉದ್ದದ ಕೋಣೆ, ಚಾಪೆಗೆ ಚಾಪೆ ತಾಗಿಸಿ ಮಲಗುವುದು. ಮಲಗುವ ಮೊದಲು ಅಷ್ಟೂ ಹೆಂಗಸರು ಎದ್ದು ಗೋಡೆಯ ಕಡೆ ಹೋಗಿ ಅಂಗೈ ಕೊಟ್ಟು ನಿಂತರು, ಒಂದು ಕಾಲು ಮುಂದೆ, ಒಂದು ಹಿಂದೆ. ನನ್ನ ತಂಗಿ ಕಲಿಸಿದ್ದು. ಅಲ್ಲಿ ಕೈ ತಾಗಿ ತಾಗಿ ಸುಣ್ಣ ಹೋಗಿತ್ತು. ಯಾರೂ ನಗಲಿಲ್ಲ. ಆಮೇಲೆ ದೀಪ ಆರಿಸಿದರು.

ನನಗೆ ನಿದ್ದೆ ಬರಲಿಲ್ಲ. ಒಂದು ಮೂಲೆಯಲ್ಲಿ ಒಬ್ಬಳು ಹಲ್ಲು ಕಚ್ಚಿ ಎದ್ದು ಕೂತಳು. ಪಕ್ಕದವಳು ಕಣ್ಣು ಬಿಡದೆಯೇ ಕೈ ಚಾಚಿ, ಅವಳ ಕಾಲಿನ ಬೆರಳು ಹಿಡಿದು ಮೊಣಕಾಲಿನ ಕಡೆಗೆ ಎಳೆದಳು. ಬಿಟ್ಟಿತು. ಇಬ್ಬರೂ ಮಲಗಿದರು. ಆಮೇಲೆ ಬಾಗಿಲ ಹತ್ತಿರ ಇನ್ನೊಬ್ಬಳು. ಆಮೇಲೆ ನನ್ನ ತಂಗಿ. ನಾನು ಏಳುವಷ್ಟರಲ್ಲಿ, ಅವಳ ಆಚೆ ಮಲಗಿದ್ದ ಗುರುತಿಲ್ಲದ ಹುಡುಗಿ ಅವಳ ಪಾದ ಹಿಡಿದುಕೊಂಡಾಗಿತ್ತು. ಬೆಳಗಾಗುವವರೆಗೆ ಸಾಲಿನಲ್ಲಿ ಹಾಗೇ ನಡೆಯಿತು. ಬೆಳಿಗ್ಗೆ ಎದ್ದು ಎಲ್ಲರೂ ಬಾಯಿ ಮುಕ್ಕಳಿಸಿ ನೀರು ನುಂಗದೆ ಉಗಿದು ಕೆಲಸಕ್ಕೆ ಹೋದರು.